ಬ್ರೆಸ್ತ್ ದಾರಿಯ ಅರವಟ್ಟಿಗೆಗಳು

ರಾತ್ರಿ ಎರಡು ಗಂಟೆ. ಫ್ರಾನ್ಸಿನ ಯಾವುದೋ ಹಳ್ಳಿ. ಬೋರ್ಡು ಓದುವಷ್ಟೂ ಎಚ್ಚರ ನನಗಿರಲಿಲ್ಲ. ತಿರುವಿನಲ್ಲಿ ಒಂದು ದೀಪ, ಅದರ ಕೆಳಗೆ ಹೂವಿನ ಮೇಜುಬಟ್ಟೆ ಹಾಸಿದ ಮೇಜು, ಎರಡು ಫ್ಲಾಸ್ಕು, ಕೊಯ್ದಿಟ್ಟ ಕೇಕು. ಕಂಬಳಿ ಹೊದ್ದ ಅಜ್ಜಿಯೊಬ್ಬರು ಎದ್ದು ನಿಂತು ಕೈ ಬೀಸಿದರು. ಎಂಟೊಂಬತ್ತು ವರ್ಷದ ಮೊಮ್ಮಗ ನನ್ನ ಬಾಟಲಿ ಇಸಿದುಕೊಂಡು, ಎರಡೂ ಕೈಯಲ್ಲಿ ಜಗ್ಗು ಹಿಡಿದು, ಒಂದು ಹನಿಯೂ ಚೆಲ್ಲದಂತೆ ತುಂಬಿಸಿಕೊಟ್ಟ. ಆಮೇಲೆ ರಟ್ಟಿನ ಮೇಲೆ ಬರೆದಿದ್ದ ದೇಶಗಳ ಪಟ್ಟಿಯಲ್ಲಿ ಭಾರತವನ್ನು ಹುಡುಕಿ, ನಮ್ಮ ನಾಲ್ವರಿಗೆ ನಾಲ್ಕು ಗೀಟು ಎಳೆದ. ನಾನು ದುಡ್ಡಿಗೆಂದು ಜೇಬಿಗೆ ಕೈ ಹಾಕಿದೆ. ಅಜ್ಜಿ ನನ್ನ ಮಣಿಕಟ್ಟನ್ನೇ ಹಿಡಿದುಬಿಟ್ಟರು.

ಆ ನಿದ್ದೆಗಣ್ಣಿನಲ್ಲಿ ನನಗೆ ಹೊಳೆದದ್ದು ಒಂದೇ ಪದ: ಅರವಟ್ಟಿಗೆ.

ಪ್ಯಾರಿಸ್–ಬ್ರೆಸ್ತ್–ಪ್ಯಾರಿಸ್ ಸೈಕಲ್ ಯಾತ್ರೆಯನ್ನು 1891ರಲ್ಲಿ ಪಿಯೆರ್ ಜಿಫಾರ್ ಎಂಬ ಪತ್ರಕರ್ತರು ಶುರುಮಾಡಿದರು. ಆಗ ಅದು ರೇಸು. ಈಗ ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಇದರಲ್ಲಿ ಬಹುಮಾನವಿಲ್ಲ, ಗಡುವಿನೊಳಗೆ ಮುಗಿಸಿದರಾಯಿತು. ನಾವು ಬೆಂಗಳೂರಿನಿಂದ ಹೋದದ್ದು 2019ರಲ್ಲಿ. ದೂರ 1,219 ಕಿಲೋಮೀಟರ್, ನಮ್ಮ ಗಡುವು 90 ಗಂಟೆ. ಅದೇ ವರ್ಷ 200, 300, 400, 600 ಕಿಲೋಮೀಟರಿನ ಬ್ರೆವೆ ಎಂಬ ಅರ್ಹತಾ ಸವಾರಿಗಳನ್ನು ಮುಗಿಸಿದವರಿಗಷ್ಟೇ ಪ್ರವೇಶ. ಅಟ್ಲಾಂಟಿಕ್ ಕಡೆಯಿಂದ ಎದುರುಗಾಳಿ. ಸರದಿಯಲ್ಲಿ ಒಬ್ಬರು ಮುಂದೆ ನಿಂತು ಗಾಳಿ ಸೀಳುತ್ತಿದ್ದರೆ ಉಳಿದ ಮೂವರು ಆ ಬೆನ್ನಿನ ಮರೆಯಲ್ಲಿ ಉಸಿರಾಡುತ್ತಿದ್ದೆವು.

ನಮ್ಮವರ ವಾಹನ ಕಂಟ್ರೋಲ್ ಎಂಬ ತಪಾಸಣೆ ಠಾಣೆಗಳಲ್ಲಿ ಮಾತ್ರ ನೆರವಾಗಬಹುದು ಎಂಬುದು ನಿಯಮ. ನಡುವಿನ ದಾರಿಯಲ್ಲಿ ನಮ್ಮ ಚೀಲದಲ್ಲಿ ಇದ್ದದ್ದೇ ಗತಿ. ಆ ನಡುವನ್ನು ಹಳ್ಳಿಯವರು ತುಂಬಿದರು. ವಿಲೇನ್ ಎಂಬ ಪುಟ್ಟ ಊರಿನಲ್ಲಿ ಜನವೆಲ್ಲ ಬೀದಿಗಿಳಿದಿತ್ತು; ನಮ್ಮ ಊಟದ ತಟ್ಟೆಗಳನ್ನು ಶಾಲೆಯ ಮಕ್ಕಳೇ ಮೇಜಿನವರೆಗೆ ಹೊತ್ತು ತಂದರು. ನಮ್ಮಲ್ಲೊಬ್ಬ ಚಳಿಗೆ ಹಲ್ಲು ಕಟಕಟಿಸುತ್ತ ಕುಸಿದಾಗ ಅಪರಿಚಿತ ಮನೆಯವರು ಗ್ಯಾರೇಜಿನಲ್ಲಿ ಹಾಸಿಗೆ ಹಾಕಿ, ಗಂಟೆ ಹೊತ್ತು ಬಿಟ್ಟು ತಾವೇ ಎಬ್ಬಿಸಿ ಕಳಿಸಿದರು. ನಮಗೆ ಫ್ರೆಂಚ್ ಬಾರದು, ಅವರಿಗೆ ಇಂಗ್ಲಿಷ್ ಬಾರದು. "ಬೋ ಕುರಾಜ್!" ಧೈರ್ಯವಾಗಿ ಹೋಗಿ ಬಾ ಎನ್ನುವಂಥ ಆ ಎರಡು ಪದಗಳನ್ನು ಕೇಳದ ಊರೇ ದಾರಿಯಲ್ಲಿರಲಿಲ್ಲ. ಬ್ರೆಸ್ತ್‌ನ ಸೇತುವೆಯಿಂದ ಸಮುದ್ರ ಕಂಡಾಗ ಕಣ್ಣು ತುಂಬಿದ್ದು ನಿಜ; ಆದರೆ ಆ ಹುಡುಗ ಜಗ್ಗು ಹಿಡಿದ ಬಗೆಯೇ ನನ್ನಲ್ಲಿ ಹೆಚ್ಚು ಉಳಿದಿದೆ.

ಲಾ ತಾನಿಯೇರ್ ಎಂಬಲ್ಲಿ ಒಂದು ಕುಟುಂಬ ಬಂದವರಿಗೆಲ್ಲ ಕಾಫಿ, ಕ್ರೆಪ್ ಕೊಡುತ್ತದೆ. ನಮ್ಮ ನೀರುದೋಸೆಯ ದೂರದ ನೆಂಟನಂತಿರುವ ತಿಂಡಿ ಅದು. ಕಾಸು ಮುಟ್ಟುವುದಿಲ್ಲ. ಊರಿಗೆ ಹೋದ ಮೇಲೆ ಒಂದು ಪೋಸ್ಟ್‌ಕಾರ್ಡ್ ಹಾಕಿ ಎನ್ನುತ್ತಾರೆ, ಅಷ್ಟೇ. ನಾವು ಮೈಸೂರು ಅರಮನೆಯ ಚಿತ್ರವಿದ್ದ ಕಾರ್ಡು ಕಳಿಸಿದೆವು. ಮುಂದಿನ ಯಾತ್ರೆ 2027ಕ್ಕೆ. ಹೋಗುವವರು ಅವರ ವಿಳಾಸ ಬರೆದುಕೊಂಡು ಬನ್ನಿ, ಕಾರ್ಡು ಹಾಕುವುದನ್ನು ಮಾತ್ರ ಮರೆಯಬೇಡಿ.