ಒಪ್ಪಾ ಅಂದ್ರೆ ಅಣ್ಣ ಅಲ್ವಾ?

ಕೊರಿಯಾದ ಐಯು ಹಾಡಿರುವ 'ಗುಡ್ ಡೇ' ಕೇಳಿದ್ದೀರಾ? 2010ರ ಡಿಸೆಂಬರಿನಲ್ಲಿ ಬಂದ ಹಾಡು. ಆಗ ಅವಳಿಗೆ ಬರೀ 17. ಕೊನೆಯಲ್ಲಿ ಸ್ವರ ಮೂರು ಮೆಟ್ಟಿಲು ಹತ್ತುತ್ತದಲ್ಲ, ಅದರಿಂದಲೇ ಅವಳು ಅಲ್ಲಿ ಮನೆಮಾತಾದದ್ದು. ನಮ್ಮ ಗೆಂಡೆಹಳ್ಳಿಗೆ ಅದು ಬಂದದ್ದು ಅಕ್ಕನ ಮಗಳ ಮೊಬೈಲಿನಲ್ಲಿ, ತುಂಬಾ ತಡವಾಗಿ.

ಕುಣಿಯೋಣ ಅನ್ನಿಸುವ ಟ್ಯೂನು. ಆದರೆ ಹಾಡಿನ ಹುಡುಗಿ ನಾಚಿಕೊಂಡು, ಕಣ್ಣೀರು ತಡೆದುಕೊಂಡು, ತನಗಿಂತ ದೊಡ್ಡ ಹುಡುಗನಿಗೆ ಇಷ್ಟ ಅಂತ ಹೇಳಿಬಿಡುತ್ತಾಳೆ. ಅವನನ್ನು ಕರೆಯುವುದು 'ಒಪ್ಪಾ' ಅಂತ. ಅದು ಹುಡುಗಿಯರು ಅಣ್ಣನನ್ನು ಕರೆಯುವ ಪದ! ಪರಿಚಯದ ದೊಡ್ಡ ಹುಡುಗನಿಗೂ ಅದೇ, ಪ್ರೀತಿಸಿದವನಿಗೂ ಅದೇ. (ಅಪ್ಪನಿಗೆ ಅವರೂ 'ಅಪ್ಪಾ' ಅಂತಲೇ ಅನ್ನುತ್ತಾರೆ, ಅದಿರಲಿ.)

ನಮ್ಮಲ್ಲಿ? 'ಅಣ್ಣ' ಅಂದರೆ ಕಥೆ ಮುಗಿಯಿತು. 'ಮಾವ' ಅಂದರೆ ಶುರುವಾಗುತ್ತೆ :-)

ಬೇಲೂರಿಗೆ ಕಾಲೇಜಿಗೆ ಹೋಗುವಾಗ ಬಸ್ಸಿನಲ್ಲಿ ನಮಗೆ ಎಲ್ಲರೂ ಅಣ್ಣಂದಿರೇ. ಕಂಡಕ್ಟರಣ್ಣ, ಡ್ರೈವರಣ್ಣ, ಪಕ್ಕದೂರಿನ ಅಣ್ಣ... ಆ ಒಂದು ಪದ ಇದ್ದರೆ ಮನೆಯವರಿಗೂ ನೆಮ್ಮದಿ, ನಮಗೂ ಧೈರ್ಯ. ಒಬ್ಬನಿಗೆ ಮಾತ್ರ ನಾನು ಅಣ್ಣ ಅನ್ನಲಿಲ್ಲ. ಹೆಸರು ಹಿಡಿದು ಕರೆಯುವಷ್ಟು ಸಲಿಗೆಯೂ ಇರಲಿಲ್ಲ. ನಿಂತಿದ್ದ ದಿನ "ಸ್ವಲ್ಪ ಬ್ಯಾಗ್ ಹಿಡ್ಕೊಳ್ತೀರಾ" ಅನ್ನುತ್ತಿದ್ದೆ, ಅಷ್ಟೇ. ಹಾಗೆ ಏನೂ ಕರೆಯದೆಯೇ ಎರಡು ವರ್ಷ ಮಾತಾಡಿದೆ. ನನ್ನ ಮಟ್ಟಿಗೆ ಅದೇ ಹೇಳಿದ ಹಾಗೆ. ಗೆಳತಿಯರಿಗೆ ಬೇಗ ಗೊತ್ತಾಗಿಹೋಯಿತು. ಅವನಿಗೆ ಗೊತ್ತಾಯಿತೋ ಇಲ್ಲವೋ... ಉಳಿದ ಹುಡುಗಿಯರನ್ನೆಲ್ಲ 'ತಂಗಿ' ಅನ್ನುತ್ತಿದ್ದವನು ನನ್ನನ್ನು ಒಂದು ಸಲವೂ ಹಾಗೆ ಕರೆಯಲಿಲ್ಲ.