ಒಗ್ಗರಣೆ ಡಬ್ಬಿಯಲ್ಲಿ ವಾಷರ್

ಉಪ್ಪಿಟ್ಟಿಗೆಂದು ಬಾಣಲೆಗೆ ಎಣ್ಣೆ ಬಿಟ್ಟು ನನ್ನ ಹೆಂಡತಿ ಒಗ್ಗರಣೆ ಡಬ್ಬಿಯ ಮುಚ್ಚಳ ತೆಗೆದಳು. ತೆಗೆದವಳು ಹಾಗೇ ನಿಂತಳು.

"ರೀ, ಸಾಸಿವೆ ಬಟ್ಟಲಲ್ಲಿ ಇದೇನ್ರೀ? ಗೊಂಬೆ ಮದುವೆಗೆ ಕರಿದ ಕೋಡುಬಳೆಯೇ?"

ಕೋಡುಬಳೆಯಲ್ಲ, ಓ-ರಿಂಗು. ಕಪ್ಪು ರಬ್ಬರಿನವು, ನಾಲ್ಕಾರು ಅಳತೆಯವು. ತಪ್ಪು ಡಬ್ಬಿ ತೆಗೆದವಳು ಅವಳೇ. ಆದರೆ ಒಂದೇ ಥರದ ಎರಡು ಸ್ಟೀಲ್ ಡಬ್ಬಿಗಳನ್ನು ಒಂದೇ ಕಪಾಟಿನಲ್ಲಿ ಅಕ್ಕಪಕ್ಕ ಇಟ್ಟವನು ನಾನು. ಎಣ್ಣೆ ಹೊಗೆಯಾಡುವಷ್ಟರಲ್ಲಿ ಅಪರಾಧಿ ಯಾರೆಂದು ತೀರ್ಮಾನವಾಗಿತ್ತು.

ಆ ಡಬ್ಬಿಗೊಂದು ಪೂರ್ವಾಶ್ರಮವಿದೆ. ನಮ್ಮ ಮದುವೆಯಲ್ಲಿ ತಿಪಟೂರಿನಲ್ಲಿ ಬಂದ ಉಡುಗೊರೆ. ಸೀರೆಗಳ ಮಧ್ಯೆ ಅಡಗಿ ಅಮೆರಿಕಕ್ಕೆ ಬಂದದ್ದು. ಇಪ್ಪತ್ತು ವರ್ಷ ಒಗ್ಗರಣೆಯ ಸೇವೆ ಮಾಡಿ, ಮುಚ್ಚಳ ಸಡಿಲವಾದ ಮೇಲೆ ನನಗೆ ಬಡ್ತಿಯಾಗಿ ಬಂತು. ಈಗ ಕಡಲೆಬೇಳೆಯ ಜಾಗದಲ್ಲಿ ತಾಮ್ರದ ಉಂಗುರಗಳು, ಉದ್ದಿನಬೇಳೆಯ ಜಾಗದಲ್ಲಿ ಹಿತ್ತಾಳೆಯ ಜೋಡಣೆಗಳು, ನಡುವಿನ ಬಟ್ಟಲಲ್ಲಿ ಟೆಫ್ಲಾನ್ ಟೇಪು. ಇಂಗಿನ ಬಟ್ಟಲಲ್ಲಿ ಹೋಸಿನ ರಬ್ಬರ್ ವಾಷರುಗಳಿವೆ. ಎಷ್ಟು ತೊಳೆದರೂ ಆ ಬಟ್ಟಲಿನ ಇಂಗಿನ ವಾಸನೆ ಹೋಗಿಲ್ಲ, ಹೋಗುವ ಲಕ್ಷಣವೂ ಇಲ್ಲ. ಪೈಪು ಕತ್ತರಿಸುವ ಕತ್ತರಿ, ಉಂಗುರ ಅಮುಕುವ ಇಕ್ಕಳ, ಎರಡು ಸ್ಪ್ಯಾನರು ಬೇರೆ ಚೀಲದಲ್ಲಿ, ಮಂಚದ ಕೆಳಗೆ.

ಇಷ್ಟೆಲ್ಲ ಏಕೆಂದರೆ ನಾವು ಇರುವುದು ಚಕ್ರದ ಮೇಲೆ. ನಿವೃತ್ತಿಯಾದ ಮೇಲೆ 1989ರ ಹಳೆಯ ಟ್ರೇಲರೊಂದನ್ನು ಕೊಂಡು, ಪಿಕಪ್ಪಿಗೆ ಕಟ್ಟಿಕೊಂಡು, ವರ್ಷದಲ್ಲಿ ನಾಲ್ಕು ತಿಂಗಳು ಶೆಟ್ಟಿ ಬಿಟ್ಟಲ್ಲೇ ಪಟ್ಟಣ ಎಂದು ತಿರುಗುತ್ತೇವೆ. ಅಡುಗೆಮನೆ, ಬಚ್ಚಲು, ನೀರಿನ ತೊಟ್ಟಿ, 12 ವೋಲ್ಟಿನ ಪುಟ್ಟ ಪಂಪು ಎಲ್ಲ ಒಳಗೇ. ತನ್ನ ನೀರನ್ನು ತಾನೇ ಹೊತ್ತೊಯ್ಯುವ ಈ ಏರ್ಪಾಡು ಹಳೆಯದು. 1936ರ ಏರ್‌ಸ್ಟ್ರೀಮ್ ಕ್ಲಿಪ್ಪರ್ ಟ್ರೇಲರಿನಲ್ಲಿ ಆಗಲೇ ಇತ್ತು. ನಿಂತ ಮನೆಗೆ ಭೂಕಂಪ ಎಂದೋ ಒಮ್ಮೆ. ಹೆದ್ದಾರಿಯಲ್ಲಿ ಓಡುವ ಮನೆಗೆ ದಿನಕ್ಕೆ ಆರು ಗಂಟೆ. ಒಂದು ಸಲ ಒಂದು ತಂಗುದಾಣದ ನಲ್ಲಿಗೆ ಹೋಸ್ ಸಿಕ್ಕಿಸಿದೆ. ಒತ್ತಡ ತಗ್ಗಿಸುವ ರೆಗ್ಯುಲೇಟರನ್ನು ನಡುವೆ ಹಾಕುವುದು ಮರೆತಿದ್ದೆ. ಸಿಂಕಿನ ಕೆಳಗಿನಿಂದ ಎದ್ದ ಕಾರಂಜಿಗೆ ಬೃಂದಾವನದಲ್ಲಾದರೆ ಟಿಕೆಟ್ ಇಡುತ್ತಿದ್ದರು. ಅಂದಿನಿಂದ ಡಬ್ಬಿಯ ಪಕ್ಕದಲ್ಲಿ ರೆಗ್ಯುಲೇಟರುಗಳು ಎರಡಿವೆ.

ನಮ್ಮ ಟ್ರೇಲರಿನ ಪೈಪಿನ ಬಣ್ಣ ಬೂದು. ತಿಳಿದವರು ಆ ಬಣ್ಣ ಕಂಡರೆ ಜಾತಕದಲ್ಲಿ ಶನಿ ಕಂಡ ಜೋಯಿಸರಂತೆ ಮುಖ ಮಾಡುತ್ತಾರೆ. ಅದು ಪಾಲಿಬ್ಯುಟಿಲೀನ್. 1978ರಿಂದ 1995ರವರೆಗೆ ಅಮೆರಿಕದ ಲಕ್ಷಾಂತರ ಮನೆಗಳಿಗೆ ಹಾಕಿದ್ದು. ತಾಮ್ರಕ್ಕಿಂತ ಅಗ್ಗ, ಬಗ್ಗಿಸಿದ ಕಡೆ ಬಗ್ಗುತ್ತದೆ. ಆದರೆ ನೀರಿಗೆ ಹಾಕುವ ಕ್ಲೋರಿನ್ ಒಳಗಿನಿಂದ ಈ ಪೈಪನ್ನೂ ಅದರ ಪ್ಲಾಸ್ಟಿಕ್ ಜೋಡಣೆಗಳನ್ನೂ ವರ್ಷಗಟ್ಟಲೆ ಕೊರೆದು, ಒಂದು ದಿನ ಹೇಳದೆ ಕೇಳದೆ ಸೀಳಿಬಿಡುತ್ತಿತ್ತು. ಮೊಕದ್ದಮೆಗಳಾಗಿ 1995ರಲ್ಲಿ 95 ಕೋಟಿ ಡಾಲರಿನ ಪರಿಹಾರದ ಒಪ್ಪಂದವಾಯಿತು. ಈಗ ಎಲ್ಲರೂ ಹಾಕುವುದು ಪೆಕ್ಸ್: ಜರ್ಮನಿಯ ಥಾಮಸ್ ಎಂಗೆಲ್ 1968ರಲ್ಲಿ ಪಾಲಿಎಥಿಲೀನಿನ ಎಳೆಗಳನ್ನು ಒಂದಕ್ಕೊಂದು ಅಡ್ಡ ಬೆಸೆದು ಗಟ್ಟಿ ಮಾಡಿದ ಬಗೆಯಿಂದ ಬಂದದ್ದು. ಇಷ್ಟು ಓದಿಕೊಂಡು ನಾನು ಪೆಕ್ಸಿನ ತುಂಡು, ಉಂಗುರ, ಜೋಡಣೆ ಎಲ್ಲ ಡಬ್ಬಿಗೆ ತುಂಬಿ, ಇನ್ನು ಬ್ರಹ್ಮ ಬಂದರೂ ಹೆದರುವುದಿಲ್ಲ ಎಂದು ಬೀಗಿದೆ.

ಬಂದವನು ಬ್ರಹ್ಮನಲ್ಲ, ನೆವಾಡಾದ ಚಳಿ. 50ನೇ ನಂಬರಿನ ಹೆದ್ದಾರಿಯಲ್ಲಿ, ಗ್ರೇಟ್ ಬೇಸಿನ್ ರಾಷ್ಟ್ರೀಯ ಉದ್ಯಾನದ ಬಳಿ ತಂಗಿದ್ದೆವು. 1986ರಲ್ಲಿ ಲೈಫ್ ಪತ್ರಿಕೆ ಆ ರಸ್ತೆಯನ್ನು ಅಮೆರಿಕದಲ್ಲೇ ಅತ್ಯಂತ ಒಂಟಿ ರಸ್ತೆ ಎಂದು ಕರೆಯಿತು. ಊರವರು ಕೋಪಿಸಿಕೊಳ್ಳುವ ಬದಲು ಅದನ್ನೇ ಬೋರ್ಡು ಬರೆಸಿ ಹಾಕಿಕೊಂಡರು. ಅಕ್ಟೋಬರ್ ಮೊದಲ ವಾರ. ರಾತ್ರಿ ನೀರು ಹೆಪ್ಪುಗಟ್ಟಿತು. ಹೆಪ್ಪುಗಟ್ಟಿದ ನೀರು ನೂರಕ್ಕೆ ಒಂಬತ್ತು ಪಾಲು ಉಬ್ಬುತ್ತದೆ ಎಂದು ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದೆ. ಮಾರ್ಕೂ ಬಂದಿತ್ತು. ಇದರ ಕುಟಿಲತೆಯೆಂದರೆ, ಒಡೆದದ್ದು ಒಡೆದಾಗ ತಿಳಿಯುವುದಿಲ್ಲ. ಬಿರುಕಿಗೆ ಮಂಜುಗಡ್ಡೆಯೇ ಬಿರಡೆ. ಬೆಳಿಗ್ಗೆ ಒಂಬತ್ತಕ್ಕೆ ಬಿಸಿಲು ತಾಗಿ ಅದು ಕರಗಿದ ಮೇಲೆ, ಯಾವ ನಲ್ಲಿಯೂ ತೆರೆಯದೆ ಪಂಪು ತಾನಾಗಿ ಗುರ್ರ್ ಎಂದಿತು. ಆ ಸದ್ದು ಕೇಳಿದರೆ ನನಗೆ ಇಂದಿಗೂ ಕಾಫಿ ಗಂಟಲಲ್ಲೇ ನಿಲ್ಲುತ್ತದೆ.

ಸೋತದ್ದು ಪೈಪಲ್ಲ, ಮಂಚದ ಹಿಂದಿನ ಪ್ಲಾಸ್ಟಿಕ್ ಎಲ್ಬೋ. ಪಂಪು ಆರಿಸಿ, ಹೊಟ್ಟೆಯ ಮೇಲೆ ತೆವಳಿ, ಒಡೆದ ಭಾಗ ಕತ್ತರಿಸಿ ತೆಗೆದೆ. ಡಬ್ಬಿಯಿಂದ ಪೆಕ್ಸಿನ ಜೋಡಣೆ ತೆಗೆದು ಬೂದು ಪೈಪಿಗೆ ತೂರಿಸಿದರೆ ಅದು ಗಂಟೆಯ ನಾಲಿಗೆಯಂತೆ ಲೊಳಲೊಳ ಆಡಿತು. ಎರಡೂ ಪೈಪುಗಳ ಹೊರಗಿನ ಅಳತೆ ಒಂದೇ, ಒಳಗಿನದು ಬೇರೆ! ಇವೆರಡರ ನಡುವೆ ಹಾಕಲು ಒಂದು ಕಡೆ ದಪ್ಪ, ಒಂದು ಕಡೆ ಸಣ್ಣ ಇರುವ ಬೇರೆಯದೇ ಜೋಡಣೆ ಬೇಕು. ಅದು ನನ್ನಲ್ಲಿರಲಿಲ್ಲ. ಸಾಮಾನು ಸಿಗುವ ಊರು ಈಲಿ, ಸುಮಾರು 100 ಕಿಲೋಮೀಟರ್.

ಪಕ್ಕದ ಜಾಗದಲ್ಲಿ ತಂಗಿದ್ದ ಅಜ್ಜ, ಹಿಂದೆ ಲಾರಿ ಓಡಿಸಿದವನಂತೆ, ನನ್ನ ಕಾಲೆರಡು ಬಾಗಿಲಾಚೆ ಚಾಚಿದ್ದು ಕಂಡು ಬಂದ. ಮೀನಿನ ಗಾಳದ ಪೆಟ್ಟಿಗೆ ತಂದು, ಗಾಳಗಳ ನಡುವಿನಿಂದ ಸರಿಯಾಗಿ ಅಂಥವೇ ಎರಡು ಜೋಡಣೆ ಹೆಕ್ಕಿಕೊಟ್ಟ. ದುಡ್ಡು ತೆಗೆದುಕೊಳ್ಳಲಿಲ್ಲ. ಮಧ್ಯಾಹ್ನ ಉಪ್ಪಿಟ್ಟು ಕೊಟ್ಟೆವು. ತೆಗೆದುಕೊಂಡ, ತಿಂದನೋ ಇಲ್ಲವೋ ಗೊತ್ತಿಲ್ಲ.

ಅಳತೆ ಒಂದೇ ಎಂದು ನಂಬಿ ನಾನು ಕೆಟ್ಟದ್ದು ಅದೇ ಮೊದಲಲ್ಲ. ಹೊರಗಿನಿಂದ ಬಂದವರು ಕಾಲು ತೊಳೆದು ಒಳಗೆ ಬರಬೇಕೆಂಬ ನಮ್ಮ ಮನೆಯ ಕಾನೂನಿಗೆ ಟ್ರೇಲರ್ ಬಾಗಿಲಲ್ಲಿ ನಲ್ಲಿಯಿರಲಿಲ್ಲ. ತಿಪಟೂರಿನಿಂದ ಅರ್ಧ ಇಂಚಿನ ಚಂದದ ಹಿತ್ತಾಳೆ ನಲ್ಲಿ ತಂದೆ. ಇಲ್ಲಿನ ಅರ್ಧ ಇಂಚಿನ ಪೈಪಿಗೆ ತಿರುಗಿಸಿದರೆ ಮೂರು ಸುತ್ತು ಸಲೀಸಾಗಿ ಹೋಗಿ, ಅಲ್ಲಿ ಮೊಂಡು ಹಿಡಿದು ನಿಂತಿತು. ಹಟದಿಂದ ಬಿಗಿದೆ; ತೊಟ್ಟಿಕ್ಕಿತು. ಇದಕ್ಕೆ ಕಾರಣರಾದ ಇಬ್ಬರು ತೀರಿಕೊಂಡು ನೂರು ವರ್ಷದ ಮೇಲಾಯಿತು. ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ 1841ರಲ್ಲಿ ಮರೆಯ ಹಲ್ಲಿಗೆ 55 ಡಿಗ್ರಿ ಕೋನ ಎಂದ. ಫಿಲಡೆಲ್ಫಿಯಾದ ವಿಲಿಯಂ ಸೆಲ್ಲರ್ಸ್ 1864ರಲ್ಲಿ, 60 ಇದ್ದರೆ ಕೆತ್ತುವುದು ಸುಲಭ ಎಂದ. ಪೈಪಿನ ಮರೆಯೂ ಇಂಡಿಯಾದಲ್ಲಿ ಬ್ರಿಟಿಷರ ದಾರಿ ಹಿಡಿಯಿತು, ಇಲ್ಲಿ ಇವರ ದಾರಿ. ಆದರೆ ಅರ್ಧ ಇಂಚಿನ ಪೈಪಿಗೆ ಎರಡರಲ್ಲೂ ಇಂಚಿಗೆ 14 ಸುತ್ತೇ! ಅದಕ್ಕೇ ಮೊದಲು ಒಪ್ಪಿದಂತೆ ನಟಿಸುವುದು. ಬೀಗರ ಮಾತುಕತೆಯಲ್ಲಿ ನಾನಿದನ್ನು ಕಂಡಿದ್ದೇನೆ.

ಆ ನಲ್ಲಿಗೆ ನಾನು ಟೆಫ್ಲಾನ್ ಟೇಪನ್ನು ಹದಿನೈದು ಸುತ್ತು ಸುತ್ತಿದೆ. ಊರಲ್ಲಿ ನಮ್ಮ ಮನೆಗೆ ಬರುತ್ತಿದ್ದ ನಲ್ಲಿ ಮೇಸ್ತ್ರಿ ಕಂಡಿದ್ದರೆ ನಗುತ್ತಿದ್ದರು. ಅವರ ಕಾಲಕ್ಕೆ ಟೇಪಿರಲಿಲ್ಲ. ಮರೆಯ ಮೇಲೆ ನೂಲು ಸುತ್ತಿ ಬಿಳಿ ಬಣ್ಣ ಬಳಿದು ಬಿಗಿಯುತ್ತಿದ್ದರು. "ಪ್ರದಕ್ಷಿಣೆ ಹಾಕ್ದಂಗೆ ಸುತ್ತಬೇಕು ಮರಿ. ಉಲ್ಟಾ ಸುತ್ತಿದ್ರೆ ಬಿಗಿ ಮಾಡ್ತಾ ಮಾಡ್ತಾ ನೂಲೇ ಬಿಚ್ಕತದೆ." ಟೇಪಿಗೂ ಅದೇ ನಿಯಮ. ಟೆಫ್ಲಾನ್ ಹುಟ್ಟಿದ್ದಾದರೋ ನೀರು ಕಟ್ಟುವುದಕ್ಕಲ್ಲ. 1938ರ ಏಪ್ರಿಲ್ 6ರಂದು ನ್ಯೂಜೆರ್ಸಿಯ ಪ್ರಯೋಗಾಲಯದಲ್ಲಿ ರಾಯ್ ಪ್ಲಂಕೆಟ್ ತಂಪು ಪೆಟ್ಟಿಗೆಗೆ ಬೇಕಾದ ಅನಿಲಗಳ ಹುಡುಕಾಟದಲ್ಲಿದ್ದ. ಸಿಲಿಂಡರಿನ ತಿರುಪು ತೆರೆದರೆ ಅನಿಲವೇ ಬರಲಿಲ್ಲ. ತೂಗಿದರೆ ತೂಕ ಹಾಗೇ ಇತ್ತು. ಗರಗಸ ಹಾಕಿ ಕೊಯ್ದು ನೋಡಿದ. ಒಳಗೆ ಯಾವುದಕ್ಕೂ ಅಂಟದ, ಜಾರುವ ಬಿಳಿ ಪುಡಿ. ನಾನಾಗಿದ್ದರೆ ಖಾಲಿ ಸಿಲಿಂಡರ್ ಕೊಟ್ಟ ಎಂದು ಅಂಗಡಿಯವನ ಜೊತೆ ಜಗಳಕ್ಕೆ ಹೋಗುತ್ತಿದ್ದೆ. ಓ-ರಿಂಗಿನ ಕತೆ ನನ್ನಂಥ ನಿವೃತ್ತರಿಗೆ ಇನ್ನೂ ಹಿತವಾದದ್ದು: ಡೆನ್ಮಾರ್ಕಿನಿಂದ ವಲಸೆ ಬಂದ ನೀಲ್ಸ್ ಕ್ರಿಸ್ಟೆನ್ಸೆನ್ 1937ರಲ್ಲಿ ಅದರ ಪೇಟೆಂಟಿಗೆ ಅರ್ಜಿ ಹಾಕಿದಾಗ ಅವನಿಗೆ 72 ವರ್ಷ.

ನಮ್ಮ ತಾತನ ಎತ್ತಿನ ಗಾಡಿಯ ಕೆಳಗೆ ಕೀಲೆಣ್ಣೆಯ ಗೊಟ್ಟ ತೂಗಾಡುತ್ತಿತ್ತು. ಮೇಲೆ, ಹುಲ್ಲಿನ ಅಡಿಯ ಗೋಣಿಚೀಲದಲ್ಲಿ ಒಂದು ಹೆಚ್ಚುವರಿ ಕಡಾಣಿ, ಮಿಣಿಯ ತುಂಡು, ಒಂದು ಬಾಚಿ. ಜಾತ್ರೆಗೆ ಹೋಗುವಾಗ ಅವ್ವ ಬುತ್ತಿ ಎಣಿಸಿದರೆ ತಾತ ಇವನ್ನು ಎಣಿಸುತ್ತಿದ್ದರು. ಹೆಚ್ಚುವರಿ ಕಡಾಣಿ ಏಕೆಂದು ಕೇಳಿದರೆ, ಯಾವುದೋ ವರ್ಷ ಯಾವುದೋ ಹಳ್ಳದಲ್ಲಿ ಚಕ್ರ ಕಳಚಿದ ಕತೆ ಹೇಳುತ್ತಿದ್ದರು.

ನನ್ನ ಡಬ್ಬಿಯೂ ಹಾಗೇ. ಒಂದೊಂದು ಬಟ್ಟಲಲ್ಲೂ ಇರುವುದು ಆಗಿಹೋದ ಒಂದೊಂದು ಅನಾಹುತ. ಆ ಎರಡಳತೆಯ ಜೋಡಣೆಗಳು ಈಗ ನನ್ನಲ್ಲಿ ಆರಿವೆ. ಆಮೇಲೆ ಒಂದು ಸಲವೂ ಬೇಕಾಗಿಲ್ಲ. ಬೇಕಾದದ್ದು ಪಂಪಿನ ಫ್ಯೂಸು. ಅದಿರಲಿಲ್ಲ. ಈಗ ಅದೂ ಇದೆ.

ಹೋದ ವಸಂತದಲ್ಲಿ ಯೂಟಾದಲ್ಲಿ ತಂಗಿದ್ದಾಗ ಹುಡುಗನೊಬ್ಬ ಬಾಗಿಲು ತಟ್ಟಿದ. ಹೊಸ ಗಾಡಿ, ಹೊಸ ಹೆಂಡತಿ, ಹೋಸಿನ ಬಾಯಲ್ಲಿ ನೀರು ಪಿಚಕಾರಿ. ವಾಷರ್ ಇದೆಯೇ ಎಂದ. ನನ್ನ ಭಾಗ್ಯಕ್ಕೆ ಇಂಥ ಗಿರಾಕಿ ಬರುವುದು ಅಪರೂಪ. ಡಬ್ಬಿಯನ್ನೇ ತಂದು ಮುಂದಿಟ್ಟೆ. ಒಂದು ಸಾಕೆಂದರೂ ಮೂರು ಕೊಟ್ಟೆ. ಅವನು ಅಂಗೈ ಮೇಲಿಟ್ಟುಕೊಂಡು ನೋಡಿದ, ಮೂಗಿನ ಹತ್ತಿರ ತಂದ, ಮತ್ತೆ ನೋಡಿದ. ಇದು ಯಾವ ರಬ್ಬರು ಎಂದು ಬಹಳ ಮರ್ಯಾದೆಯಿಂದ ಕೇಳಿದ.

ಒಳಗೆ ನನ್ನ ಹೆಂಡತಿ ನಗು ತಡೆಯಲಾರದೆ ಕೆಮ್ಮುತ್ತಿದ್ದಳು.