ಬೈಯುವ ಹಕ್ಕು

ಮಂಗಳೂರಿನವರು ತಮ್ಮ ಮನೆಯೊಳಗೆ ಈ ಊರನ್ನು ಮಂಗಳೂರು ಎಂದು ಕರೆಯುವುದು ಕಡಿಮೆ. ತುಳುವರಿಗೆ ಇದು ಕುಡ್ಲ, ಕೊಂಕಣಿಗರಿಗೆ ಕೊಡಿಯಾಲ, ಬ್ಯಾರಿಗಳಿಗೆ ಮೈಕಾಲ. ಮಂಗಳೂರು ಎಂಬ ಹೆಸರು ಬಸ್ಸಿನ ಬೋರ್ಡಿಗೆ, ಸರ್ಕಾರಿ ಕಾಗದಕ್ಕೆ ಮತ್ತು ನನ್ನಂಥ ಘಟ್ಟದ ಮೇಲಿನವರಿಗೆ. ಗದಗ ಕಡೆಯ ನಾನು 2017ರಲ್ಲಿ ಎಂ.ಎ. ಓದಲು ಕೊಣಾಜೆಗೆ ಬಂದೆ. ಈಗ ಪಿಎಚ್.ಡಿ.ಯ ಕೊನೆಯ ಅಧ್ಯಾಯದಲ್ಲಿದ್ದೇನೆ. ಇಷ್ಟು ವರ್ಷಗಳಲ್ಲಿ ಹಲವರ ಬಳಿ ಒಂದೇ ಪ್ರಶ್ನೆ ಕೇಳಿದ್ದೇನೆ: ಈ ಊರು ನಿಮಗೆ ಇಷ್ಟವಾ? ಬಂದ ಉತ್ತರಗಳಲ್ಲಿ ಹೆಚ್ಚಿನವುಗಳ ನಡುವೆ ಒಂದು 'ಆದರೆ' ಇತ್ತು. ಇಷ್ಟವೇ, ಆದರೆ ಸೆಕೆ. ಇಷ್ಟವೇ, ಆದರೆ ಮಕ್ಕಳಿಗೆ ಇಲ್ಲಿ ಕೆಲಸ ಇಲ್ಲ. ಇಷ್ಟವೇ, ಆದರೆ ಈಗ ಮೊದಲಿನ ಹಾಗಿಲ್ಲ.

ಆ 'ಆದರೆ'ಯ ನಂತರ ಯಾರು ಎಷ್ಟು ದೊಡ್ಡ ದನಿಯಲ್ಲಿ ಮಾತಾಡುತ್ತಾರೆ, ಯಾರು ಅಲ್ಲಿಗೇ ನಿಲ್ಲಿಸುತ್ತಾರೆ ಎಂಬುದನ್ನು ಗಮನಿಸುತ್ತಾ ಬಂದಿದ್ದೇನೆ. ಈ ಬರಹ ಅದರ ಬಗ್ಗೆ.

ದೊಡ್ಡ ದನಿಯವರಿಂದಲೇ ಶುರು ಮಾಡುತ್ತೇನೆ. ಹಾಸ್ಟೆಲ್ ಬಿಟ್ಟ ಮೇಲೆ ನಾನು ಕಂಕನಾಡಿಯ ಹಂಚಿನ ಮನೆಯೊಂದರ ಹಿಂಭಾಗದ ಕೋಣೆಯಲ್ಲಿ ಬಾಡಿಗೆಗಿದ್ದೇನೆ. ಮನೆಯೊಡತಿ ಎಪ್ಪತ್ತು ದಾಟಿದ ಕ್ರೈಸ್ತ ಮಹಿಳೆ. ಕೇರಿಯವರೆಲ್ಲ ಬಾಯಮ್ಮ ಅನ್ನುತ್ತಾರೆ, ನಾನೂ ಹಾಗೇ ಕರೆಯುತ್ತೇನೆ. ಬಾಯಮ್ಮ ಬೆಳಗ್ಗೆ ಎದ್ದು ಪ್ರಾರ್ಥನೆ ಮುಗಿಸಿದ ಮೇಲೆ ಮಾಡುವ ಮೊದಲ ಕೆಲಸ ಊರನ್ನು ಬೈಯುವುದು. "ಎಂತ ಊರು ಮಾರಾಯ್ತಿ ಇದು, ಇಷ್ಟು ಮಳೆ ಬರ್ತದೆ, ಕುಡಿಲಿಕ್ಕೆ ನೀರಿಲ್ಲ."

ಅವರ ಮಾತು ಸುಳ್ಳಲ್ಲ. ನಮ್ಮ ಗದಗದಲ್ಲಿ ವರ್ಷಕ್ಕೆ 600 ಮಿ.ಮೀ. ಆಸುಪಾಸು ಮಳೆಯಾದರೆ ಅದೇ ದೊಡ್ಡದು. ಮಂಗಳೂರಿನಲ್ಲಿ 3,500 ಮಿ.ಮೀ.ಗೂ ಹೆಚ್ಚು. ಆದರೂ ನಗರ ಕುಡಿಯುವುದು ತುಂಬೆಯ ಅಣೆಕಟ್ಟಿನಲ್ಲಿ ನಿಲ್ಲಿಸಿದ ನೇತ್ರಾವತಿಯ ನೀರನ್ನು. ಸುರಿದದ್ದರಲ್ಲಿ ಬಹುಪಾಲು ನಾಲ್ಕು ತಿಂಗಳಲ್ಲಿ ಸುರಿದು, ಇಳಿಜಾರಿನಲ್ಲಿ ಓಡಿ ಕಡಲು ಸೇರುತ್ತದೆ. ನಾನು ಬಂದ ಮರುವರ್ಷ, 2018ರ ಮೇ 29ರಂದು, ಒಂದೇ ದಿನದ ಮಳೆಗೆ ನಗರದ ರಸ್ತೆಗಳು ತೋಡುಗಳಾದವು. ಅದರ ಮರುವರ್ಷದ ಮೇ ತಿಂಗಳಲ್ಲಿ ಇದೇ ನಗರದಲ್ಲಿ ನೀರಿಗೆ ರೇಷನ್ ಬಂತು. ಎರಡು ಮೇ ತಿಂಗಳು, ಒಂದರಲ್ಲಿ ಮುಳುಗುವ ಭಯ, ಇನ್ನೊಂದರಲ್ಲಿ ಖಾಲಿ ಕೊಡ. ಬರದ ಸೀಮೆಯಿಂದ ಬಂದ ನನಗೆ ಕೊಡ ಹಿಡಿದು ಕಾಯುವುದು ಹೊಸದಲ್ಲ. ಹಸಿರು ಗುಡ್ಡ, ತೆಂಗಿನ ಮರ, ಎರಡು ನದಿಗಳ ನಡುವೆ ನಿಂತು ಕಾಯುವುದು ಹೊಸದಾಗಿತ್ತು.

ಬಾಯಮ್ಮನ ಪಟ್ಟಿ ಅಲ್ಲಿಗೆ ಮುಗಿಯುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ, ಆಗ ಮೀನಿನ ಬೆಲೆ. ಹತ್ತು ವರ್ಷದ ಹತ್ತಿರ ಎಳೆದು 2020ರ ಜನವರಿಯಲ್ಲಿ ತೆರೆದ ಪಂಪ್‌ವೆಲ್ ಫ್ಲೈಓವರ್. ಪಾಲಕ್ಕಾಡ್ ವಿಭಾಗದ ಕೈಯಲ್ಲಿರುವ ಮಂಗಳೂರು ಸೆಂಟ್ರಲ್ ಸ್ಟೇಷನ್. ಮಳೆಗಾಲದಲ್ಲಿ ಗುಡ್ಡ ಕುಸಿದು ಬಂದ್ ಆಗುವ ಶಿರಾಡಿ ಘಾಟಿ. ಇವರ ತಲೆಮಾರಿಗೆ ಬೆಂಗಳೂರು ಯಾವತ್ತೂ ಸ್ವಲ್ಪ ದೂರದ ನೆಂಟ. 1956ರವರೆಗೆ ಈ ಜಿಲ್ಲೆ ಮದ್ರಾಸಿಗೆ ಸೇರಿತ್ತು. ಹಾಸನದ ರೈಲು ಬಂದದ್ದು 1979ರಲ್ಲಿ. ಅದೂ ಹಳಿ ಬದಲಾಯಿಸುವ ನೆಪದಲ್ಲಿ ವರ್ಷಗಟ್ಟಲೆ ನಿಂತು, 2007ರ ಕೊನೆಗೆ ಮತ್ತೆ ಪ್ರಯಾಣಿಕರನ್ನು ಹತ್ತಿಸಿಕೊಂಡಿತು.

ಇನ್ನೊಂದು ನೋವನ್ನು ಬಾಯಮ್ಮ ಬೈಗುಳದಲ್ಲಿ ಹೇಳುವುದಿಲ್ಲ, ತಗ್ಗಿದ ದನಿಯಲ್ಲಿ ಹೇಳುತ್ತಾರೆ. ಅವರ ಗಂಡ ಕಾರ್ಪೊರೇಷನ್ ಬ್ಯಾಂಕಿನಲ್ಲಿದ್ದವರು. ಅವಿಭಜಿತ ದಕ್ಷಿಣ ಕನ್ನಡ 1906ರಿಂದ 1931ರ ನಡುವೆ ಕೆನರಾ, ಕಾರ್ಪೊರೇಷನ್, ಕರ್ಣಾಟಕ, ಸಿಂಡಿಕೇಟ್, ವಿಜಯಾ ಎಂದು ಐದು ಬ್ಯಾಂಕುಗಳನ್ನು ಹುಟ್ಟಿಸಿದ ಜಿಲ್ಲೆ. 2019ರಲ್ಲಿ ವಿಜಯಾ ಬ್ಯಾಂಕು, 2020ರಲ್ಲಿ ಕಾರ್ಪೊರೇಷನ್ ಮತ್ತು ಸಿಂಡಿಕೇಟ್ ಬ್ಯಾಂಕುಗಳು ಬೇರೆ ಬ್ಯಾಂಕುಗಳಲ್ಲಿ ವಿಲೀನವಾದವು. "ಅವರ ಪಾಸ್‌ಬುಕ್ಕಿನ ಮೇಲೆ ಈಗ ಬೇರೆ ಹೆಸರು" ಅಂದರು ಒಮ್ಮೆ, ಗಂಡನ ಫೋಟೋ ನೋಡುತ್ತಾ.

ಆದರೆ ಇದೇ ಬಾಯಮ್ಮನ ಮಗ ಡಿಸೆಂಬರಿನಲ್ಲಿ ಕೆನಡಾದಿಂದ ಬಂದು "ಇಲ್ಲಿ ಎಂತ ಉಂಟು ಮಮ್ಮಿ, ಧೂಳು, ಟ್ರಾಫಿಕ್ಕು" ಎಂದರೆ ಅವರಿಗೆ ಸಿಟ್ಟು ಬರುತ್ತದೆ. "ನೀನು ಹದಿನೈದು ದಿನಕ್ಕೆ ಬಂದವ, ನೀನು ಹೇಳ್ಬೇಡ." ದಿನವಿಡೀ ತಾನೇ ಹೇಳುವ ಮಾತನ್ನು ಮಗ ಹೇಳಿದರೆ ತಾಯಿಗೆ ತಡೆಯುವುದಿಲ್ಲ. ಬೈಯಬೇಕಾದರೆ ಇಲ್ಲಿ ಇರಬೇಕು, ಸೆಕೆಯಲ್ಲಿ ಬೇಯಬೇಕು ಎಂಬುದು ಅವರ ಲೆಕ್ಕ.

ಹೋದವರ ಊರುಪ್ರೀತಿಯನ್ನು ಹಗುರವಾಗಿ ನೋಡುವಂತೆಯೂ ಇಲ್ಲ. ಇಲ್ಲಿ ಹೋಗುವುದೇ ಬದುಕಿನ ಕ್ರಮ. ಮೊದಲು ಮುಂಬಯಿ, ಆಮೇಲೆ ಗಲ್ಫ್, ಈಗ ಬೆಂಗಳೂರು, ಕೆನಡಾ, ಆಸ್ಟ್ರೇಲಿಯಾ. ಕಾರಂತರ 'ಮರಳಿ ಮಣ್ಣಿಗೆ'ಯನ್ನು ಕ್ಲಾಸಿನಲ್ಲಿ ಓದುವಾಗ ಕಡಲ ತಡಿಗೆ ಮರಳುವ ರಾಮನ ಬಗ್ಗೆ ಚರ್ಚೆ ನಡೆಯುತ್ತಿದ್ದರೆ, ಕಿಟಕಿ ಪಕ್ಕದ ಹುಡುಗಿಯೊಬ್ಬಳು ಮೆಲ್ಲಗೆ "ನಮ್ಮ ಮನೆಯಲ್ಲಿ ಯಾರೂ ಮರಳಲಿಲ್ಲ" ಅಂದದ್ದು ನೆನಪಿದೆ. 2010ರ ಮೇ 22ರ ಬೆಳಗ್ಗೆ ದುಬೈನಿಂದ ಬಂದ ವಿಮಾನ ಬಜ್ಪೆಯ ರನ್‌ವೇ ದಾಟಿ ಕಣಿವೆಗೆ ಬಿದ್ದಾಗ 158 ಜನ ತೀರಿಕೊಂಡರು. ಆಗ ನಾನು ಶಾಲೆಯಲ್ಲಿದ್ದೆ, ಗದಗದಲ್ಲಿ ಅದು ಟಿವಿಯ ಸುದ್ದಿ. ಇಲ್ಲಿಗೆ ಬಂದ ಮೇಲೆ ತಿಳಿಯಿತು, ಅದು ಈ ಕರಾವಳಿಯ ಮನೆಮನೆಗಳ ಸುದ್ದಿಯಾಗಿತ್ತು. ಮದುವೆಗೆ, ರಜೆಗೆ, ಅಪ್ಪನನ್ನು ನೋಡಲಿಕ್ಕೆ ಎಂದು ಊರಿಗೆ ಬರುತ್ತಿದ್ದವರು ಅದರಲ್ಲಿದ್ದರು.

ಇನ್ನು ಬಂದವರು. ಬೆಳಗ್ಗೆ ಏಳು ಗಂಟೆಗೆ ನಗರದ ಕೆಲವು ಸರ್ಕಲ್ಲುಗಳಲ್ಲಿ ನಿಂತರೆ ನನಗೆ ನನ್ನ ಜಿಲ್ಲೆಯ ಮಾತು ಕೇಳಿಸುತ್ತದೆ. ಗದಗ, ಕೊಪ್ಪಳ, ಬಾಗಲಕೋಟೆ, ರಾಯಚೂರು ಕಡೆಯ ಗಂಡಸರು, ಹೆಂಗಸರು ಬುತ್ತಿ ಕಟ್ಟಿಕೊಂಡು ಮೇಸ್ತ್ರಿಗಾಗಿ ಕಾಯುತ್ತಿರುತ್ತಾರೆ. ಇಲ್ಲಿನ ಫ್ಲಾಟುಗಳ ಇಟ್ಟಿಗೆ, ಕಾಂಕ್ರೀಟು ಹೊತ್ತವರಲ್ಲಿ ಇವರೇ ಬಹಳ. ತುಳುವಿನಲ್ಲಿ ನಮಗೆ 'ಘಟ್ಟದಕುಲು' ಎಂಬ ಹೆಸರಿದೆ, ಘಟ್ಟದವರು ಅಂತ. ಹೇಳುವವರ ದನಿಯ ಮೇಲೆ ಅದು ಬರೀ ಗುರುತೂ ಆಗುತ್ತದೆ, ಚುಚ್ಚೂ ಆಗುತ್ತದೆ. ನನ್ನ ಕೋಣೆಯ ಎದುರು ಮನೆ ಕಟ್ಟುತ್ತಿದ್ದಾಗ ಕುಷ್ಟಗಿ ಕಡೆಯ ಹೆಂಗಸೊಬ್ಬಳ ಪರಿಚಯವಾಯಿತು. ಊರು ಹೇಗನಿಸುತ್ತದೆ ಎಂದು ಕೇಳಿದೆ. "ಚಲೋ ಐತ್ರೀ ಅಕ್ಕಾರ. ಪಗಾರ ವೇಳೆಕ್ಕ ಕೊಡತಾರ. ಸಣ್ಣ ಹುಡುಗರಿಗೂ ನೀವು ತಾವು ಅಂತಾರ." ಹಾಗಾದರೆ ಕೆಟ್ಟದ್ದು ಏನೂ ಇಲ್ಲವಾ ಅಂದೆ. ತಗಡಿನ ಶೆಡ್ಡು, ಮಳೆ, ಶಾಲೆ ಬಿಟ್ಟ ಮಗ ಎಲ್ಲ ನನ್ನ ಕಣ್ಣೆದುರಿಗೇ ಇತ್ತು. ಆಕೆ ನಕ್ಕಳು. "ದುಡಿಯಾಕ ಬಂದೀವ್ರೀ, ಬೈಯಾಕ ಬಂದಿಲ್ಲ."

ಆ ಮಾತು ನನ್ನಲ್ಲಿ ಉಳಿಯಿತು. ನಾನೂ ಹಾಗೇ ಇದ್ದವಳು. ಮೊದಲ ವರ್ಷ ಬಸ್ಸಿನ ನೂಕುನುಗ್ಗಲಿನಲ್ಲಿ ಒಮ್ಮೆ ಗೊಣಗಿದಾಗ ಪಕ್ಕದಲ್ಲಿ ನಿಂತಿದ್ದವರೊಬ್ಬರು ತುಂಬಾ ಮರ್ಯಾದೆಯಿಂದಲೇ ಕೇಳಿದರು, "ನಿಮ್ಮ ಊರಲ್ಲಿ ಇಷ್ಟೂ ಬಸ್ಸು ಇಲ್ಲ ಅಲ್ವಾ?" ನನ್ನ ಕನ್ನಡ ನನ್ನನ್ನು ಹಿಡಿದುಕೊಟ್ಟಿತ್ತು. ಇಲ್ಲಿಯ ಕನ್ನಡ ಪುಸ್ತಕದಿಂದ ಇಳಿದು ಬಂದಂತೆ, ಬಿಡಿಬಿಡಿಯಾಗಿ, ಶುಭ್ರವಾಗಿ ಇರುತ್ತದೆ. ನಮ್ಮದು ಎರೆಮಣ್ಣಿನ ಕನ್ನಡ. ಕನ್ನಡ ಎಂ.ಎ. ತರಗತಿಯಲ್ಲೇ ನನ್ನ 'ಐತಿ'ಗೆ ನಗು ಬರುತ್ತಿತ್ತು. ಅದೇ ತರಗತಿಯ ಗೆಳತಿಯರು ನನಗೆ ತುಳು ಕಲಿಸಿದರು, ಕುಚ್ಚಲಕ್ಕಿ ಅನ್ನ ಅಭ್ಯಾಸ ಮಾಡಿಸಿದರು, ಜ್ವರ ಬಂದಾಗ ಮನೆಗೆ ಕರೆದುಕೊಂಡು ಹೋದರು. ನಕ್ಕವರೂ ನೋಡಿಕೊಂಡವರೂ ಬೇರೆಬೇರೆ ಜನರಾಗಿದ್ದರೆ ಈ ಊರಿನ ಬಗ್ಗೆ ಒಂದು ತೀರ್ಮಾನಕ್ಕೆ ಬರುವುದು ಸುಲಭವಿತ್ತು.

ಇಷ್ಟರವರೆಗೆ ನನ್ನ ಲೆಕ್ಕ ಸರಳವಾಗಿತ್ತು: ಇಲ್ಲಿಯವರು ಬೈಯುತ್ತಾರೆ, ಹೋದವರು ಹೊಗಳುತ್ತಾರೆ ಇಲ್ಲವೇ ಹೀಗಳೆಯುತ್ತಾರೆ, ಬಂದವರು ಸುಮ್ಮನಿರುತ್ತಾರೆ. ಅದನ್ನು ಕೆಡಿಸಿದವನು ನನ್ನ ಜೊತೆಗೆ ಸಂಶೋಧನೆಗೆ ಸೇರಿದ ಗೆಳೆಯ. ಬೆಂಗ್ರೆಯ ಬ್ಯಾರಿ ಮನೆತನದವನು. ಬೆಂಗ್ರೆ ಅಂದರೆ ಫಲ್ಗುಣಿ ನದಿ ಮತ್ತು ಅರಬ್ಬಿ ಕಡಲಿನ ನಡುವೆ ಚಾಚಿಕೊಂಡ ಮರಳಿನ ನಾಲಗೆ. ಅಲ್ಲಿಯ ಜನ ಫೆರಿ ಹತ್ತಿ ಹೊಳೆ ದಾಟಿ ಬಂದರಿಗೆ ಬರುತ್ತಾರೆ. ಅವನ ಅಜ್ಜನ ಅಜ್ಜನೂ ಅಲ್ಲಿಯವನೇ. ಅವನ ಮನೆಮಾತಿನಲ್ಲಿ ಈ ಊರಿಗೆ ಬೇರೆಯದೇ ಹೆಸರಿದೆ ಎಂದ ಮೇಲೆ ಅವನಷ್ಟು ಊರವನು ಇನ್ನಾರು?

2019ರ ಡಿಸೆಂಬರಿನಲ್ಲಿ ನಗರದಲ್ಲಿ ಪೊಲೀಸ್ ಗೋಲಿಬಾರಿಗೆ ಇಬ್ಬರು ಸತ್ತು, ಕರ್ಫ್ಯೂ ಬಿದ್ದು, ಇಂಟರ್‌ನೆಟ್ ನಿಂತಿತ್ತು. ಅದಾಗಿ ಕೆಲವು ದಿನಗಳ ಮೇಲೆ ಚಹಾ ಅಂಗಡಿಯೊಂದರಲ್ಲಿ ಊರಿನ ಸ್ಥಿತಿಯ ಬಗ್ಗೆ ಮಾತು ಬಂತು. ಎಲ್ಲರೂ ಬೈದರು. ಅವನೂ ಒಂದು ಮಾತು ಸೇರಿಸಿದ. ಬೆಂಚಿನ ಆ ತುದಿಯಿಂದ ಯಾರೋ ಹೇಳಿದರು, "ಅಷ್ಟು ಕಷ್ಟ ಆದ್ರೆ ಇಲ್ಲಿ ಯಾಕೆ ಇರುವುದು?" ಬಸ್ಸಿನಲ್ಲಿ ನನಗೆ ಬಂದ ಪ್ರಶ್ನೆಯೇ. ನನಗಾದರೆ ಹಿಂದಿರುಗಲು ಗದಗ ಇದೆ. ಅವನು ಗ್ಲಾಸು ಕೆಳಗಿಟ್ಟು, ದುಡ್ಡು ಕೊಟ್ಟು, ಫೆರಿಗೆ ಹೊತ್ತಾಯಿತು ಎಂದು ಎದ್ದ.

ಆಮೇಲೆ ನಾನು ಅವನ ಮಾತಿನ ರೀತಿಯನ್ನು ಗಮನಿಸತೊಡಗಿದೆ. ಫೆರಿ, ಕಡಲ್ಕೊರೆತ, ಬೇಸಿಗೆಯಲ್ಲಿ ಉಪ್ಪಾಗುವ ಬಾವಿ ಎಲ್ಲದರ ಬಗ್ಗೆ ಅವನಿಗೆ ದೂರಿದೆ. ಆದರೆ ನಾಲ್ಕು ಜನರ ಮುಂದೆ ಅವನು ಊರನ್ನು ಹೊಗಳುತ್ತಾನೆ. ಅವನೂ ನಾನೂ ಕೊಣಾಜೆಯಿಂದ ಸ್ಟೇಟ್‌ಬ್ಯಾಂಕಿಗೆ ಒಂದೇ ಬಸ್ಸಿನಲ್ಲಿ ಬರುತ್ತೇವೆ. ಬೇರೆಬೇರೆ ಸೀಟಿನಲ್ಲಿ ಕೂರುತ್ತೇವೆ. ಹೀಗೆ ಮಾಡೋಣ ಎಂದು ನಾವು ಮಾತಾಡಿಕೊಂಡದ್ದಲ್ಲ. 2009ರ ಜನವರಿಯಲ್ಲಿ ಪಬ್ಬಿನಲ್ಲಿ ಹುಡುಗಿಯರನ್ನು ಅಟ್ಟಾಡಿಸಿ ಹೊಡೆದ, 2012ರ ಜುಲೈಯಲ್ಲಿ ಹೋಂಸ್ಟೇಗೆ ನುಗ್ಗಿದ ಊರಿದು. ಆ ದೃಶ್ಯಗಳನ್ನು ಇಡೀ ದೇಶ ನೋಡಿದೆ. ಇಲ್ಲಿ ಓದುವ ಹುಡುಗ ಹುಡುಗಿಯರಿಗೆ ಯಾರ ಪಕ್ಕ ಕೂರಬೇಕೆಂದು ಬೇರೆ ಯಾರೂ ಹೇಳಬೇಕಾಗಿಲ್ಲ, ಮೈಯೇ ಕಲಿತಿರುತ್ತದೆ. ಅದೇ ಬಸ್ಸು ನೇತ್ರಾವತಿ ಸೇತುವೆ ದಾಟುವಾಗ ಸಂಜೆಯ ಬಿಸಿಲು ನೀರಿನ ಮೇಲೆ ಬಿದ್ದಿರುತ್ತದೆ. ನಾವಿಬ್ಬರೂ ಬೇರೆಬೇರೆ ಕಿಟಕಿಯಿಂದ ಅದನ್ನೇ ನೋಡುತ್ತೇವೆ. ಈ ಊರಿನ ಬಗ್ಗೆ ನನ್ನ 'ಆದರೆ' ಇರುವುದು ಅಲ್ಲಿ.

ಸಾಹಿತ್ಯದ ವಿದ್ಯಾರ್ಥಿನಿಯಾಗಿ ನನಗೆ ವಿಚಿತ್ರವೆನಿಸುವ ಸಂಗತಿಯೊಂದಿದೆ. ಈ ಊರು ಹೆಮ್ಮೆಯಿಂದ ಹೇಳಿಕೊಳ್ಳುವ ಹೆಸರುಗಳಲ್ಲಿ ಹಲವು ಊರನ್ನು ಬೈದವರವೇ. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎನಿಸಿದ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ' 1899ರಲ್ಲಿ ಇಲ್ಲೇ ಅಚ್ಚಾಯಿತು. ಬಾಲವಿಧವೆಯ ಮರುಮದುವೆಯ ಕತೆ ಹೇಳುತ್ತಾ ತನ್ನ ಸುತ್ತಲಿನವರ ಡಾಂಭಿಕತೆಯನ್ನು ಅದು ಬಯಲಿಗೆಳೆಯಿತು. ಕುದ್ಮುಲ್ ರಂಗರಾಯರು 1892ರಲ್ಲಿ ದಲಿತ ಮಕ್ಕಳಿಗಾಗಿ ಶಾಲೆ ತೆರೆದಾಗ ಅವರ ಜಾತಿಯವರೇ ಬಹಿಷ್ಕಾರ ಹಾಕಿದರು. ಕಾಸರಗೋಡಿನಲ್ಲಿ ಹುಟ್ಟಿ, ಮಂಗಳೂರಿನಲ್ಲಿ ಬಾಳಿ, 2023ರ ಜನವರಿಯಲ್ಲಿ ತೀರಿಕೊಂಡ ಸಾರಾ ಅಬೂಬಕ್ಕರ್ ತಮ್ಮ ಸಮುದಾಯದೊಳಗೇ ನಿಂತು ಅದರ ಗಂಡಾಳ್ವಿಕೆಯ ವಿರುದ್ಧ ಬರೆದರು, ಹೊರಗಿನವರ ಕೋಮುವಾದದ ವಿರುದ್ಧವೂ ಬರೆದರು. "ಇಲ್ಲಿ ಯಾಕೆ ಇರುವುದು" ಎಂಬ ಮಾತಿಗೆ ಹೆದರಿ ಇವರು ಸುಮ್ಮನಾಗಿದ್ದರೆ ಇಂದು ನಮಗೆ ಪಾಠ ಮಾಡಲಿಕ್ಕೆ ಏನೂ ಇರುತ್ತಿರಲಿಲ್ಲ.

ಊರು ತನ್ನದಾಗುವುದು ಎಂದರೆ ನನ್ನ ಮಟ್ಟಿಗೆ ಇಷ್ಟೇ: ಅದನ್ನು ಬೈದಾಗ ಯಾರೂ ವಿಳಾಸ ಕೇಳಬಾರದು. ನನಗೆ ಆ ಸಲಿಗೆ ನಿಧಾನವಾಗಿ ಸಿಕ್ಕಿತು. ಕಳೆದ ಬೇಸಿಗೆಯಲ್ಲಿ ನಲ್ಲಿ ಒಣಗಿದ ದಿನ ನಾನು ತುಳುವಿನಲ್ಲೇ ಗೊಣಗಿದ್ದಕ್ಕೆ ಬಾಯಮ್ಮ, "ಹೇಳು, ಹೇಳು, ನಾನೊಬ್ಬಳೇ ಎಷ್ಟು ಹೇಳುವುದು" ಅಂದರು. ಅದೇ ಹೊತ್ತಿಗೆ ಪುಸ್ತಕ ಕೊಡಲು ಬಂದಿದ್ದ ಗೆಳೆಯನನ್ನು ಜಗಲಿಯಲ್ಲಿ ಕೂರಿಸಿ ಬೆಲ್ಲ ನೀರು ಕೊಟ್ಟು, "ಬೆಂಗ್ರೆಯಲ್ಲಿ ನೀರು ಹೇಗುಂಟು?" ಎಂದು ಕೇಳಿದರು. ಅವನು ಮೊದಲು ಪರವಾಗಿಲ್ಲ ಅಂದ. "ಸುಳ್ಳು ಹೇಳ್ಬೇಡ" ಅಂದರು. ಆಮೇಲೆ ಅವನು ಬಾವಿಯಿಂದ ಶುರು ಮಾಡಿ ಫೆರಿಯವರೆಗೆ ಅರ್ಧ ಗಂಟೆ ಹೇಳಿದ. ಅವನು ಅಷ್ಟು ಜೋರಾಗಿ ಮಾತಾಡಿದ್ದನ್ನು ನಾನು ಕೊಣಾಜೆಯಲ್ಲಿ ಕೇಳಿರಲಿಲ್ಲ.

ಒಂದು ಜಗಲಿ ಊರಾಗುವುದಿಲ್ಲ, ಗೊತ್ತು. ಮರುದಿನ ಬಸ್ಸಿನಲ್ಲಿ ನಾವು ಎಂದಿನಂತೆ ಬೇರೆಬೇರೆ ಸೀಟಿನಲ್ಲೇ ಕೂತೆವು. ಮುಂದಿನ ವರ್ಷ ನನ್ನ ಫೆಲೋಶಿಪ್ ಮುಗಿಯುತ್ತದೆ. ಇಲ್ಲಿಯೇ ಅತಿಥಿ ಉಪನ್ಯಾಸಕಿಯ ಕೆಲಸಕ್ಕೆ ಅರ್ಜಿ ಹಾಕುವುದೋ, ಗದಗಕ್ಕೆ ಹೊರಡುವುದೋ ಇನ್ನೂ ನಿಶ್ಚಯವಾಗಿಲ್ಲ. ಅವನು ಆಗಲೇ ಹೊರ ರಾಜ್ಯದ ಕೆಲಸಗಳಿಗೆ ಅರ್ಜಿ ಹಾಕತೊಡಗಿದ್ದಾನೆ. ಈ ಊರಿನ ಮಕ್ಕಳೆಲ್ಲ ಹೋಗುವಂತೆ ಅವನೂ ಕೆಲಸಕ್ಕಾಗಿ ಹೋದರೆ ನನಗೆ ಬೇಸರವಿಲ್ಲ. ಆ ಬೆಂಚಿನ ಮಾತಿಗಾಗಿ ಹೋದರೆ ಮಾತ್ರ, ನೂರು ಸೇತುವೆ ಕಟ್ಟಿದರೂ ಈ ಊರಿಗೆ ಅದನ್ನು ತುಂಬಿಕೊಳ್ಳಲು ಆಗದು.